ಕಾಣದ ಸ್ವಿಚ್ಚು

ಮನೆಯ ಹಳೆಯ ಡೆಸ್ಕ್‌ಟಾಪಿಗೆ, ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಹಾಕಿದಾಗ ವಿಎಂಬಿಆರ್0 ಎಂಬ ಬ್ರಿಡ್ಜ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಇದು ಲಿನಕ್ಸ್ ಕರ್ನಲ್ಲಿನ ಒಳಗೇ ಇರುವ ಸ್ವಿಚ್ಚು. ಯಾವ ಮ್ಯಾಕ್ ವಿಳಾಸ ಯಾವ ಕಡೆ ಇದೆ ಎಂಬುದನ್ನು ಬರುವ ಫ್ರೇಮುಗಳನ್ನು ನೋಡಿಯೇ ಕಲಿಯುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ಸುದ್ದಿಯಿಲ್ಲದ ವಿಳಾಸವನ್ನು ಮರೆತುಬಿಡುತ್ತದೆ. ಅಂಗಡಿಯಿಂದ ತರಬೇಕಿದ್ದ ಪೆಟ್ಟಿಗೆ, ಕೇಬಲ್ಲು ಎಲ್ಲ ಒಂದು ಕಡತದ ಕೆಲವು ಸಾಲುಗಳಲ್ಲಿ ಮುಗಿದುಹೋಗುತ್ತವೆ. ಕಂಪ್ಯೂಟರ್ ಲೋಕದ ಸೊಗಸಾದ ಕೆಲಸಗಳಲ್ಲಿ ಇದೂ ಒಂದು ಎಂದೇ ನನ್ನ ಭಾವನೆ.

ಅದಕ್ಕಿಂತ ಚೆಂದ ವಿಲ್ಯಾನ್. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಯಲ್ಲಿ ಕರ್ನಾಟಕ, ಆಂಧ್ರ ಎರಡರ ಪಾಲಿನ ನೀರೂ ಕೂಡಿ ಹರಿದು, ಸಿರುಗುಪ್ಪದ ಗದ್ದೆಗಳ ಪಾಲು ತೂಬಿನಲ್ಲಿ ಬೇರೆಯಾಗುತ್ತದಲ್ಲ, ಹಾಗೆ ಒಂದೇ ತಂತಿಯಲ್ಲಿ ಹಲವು ಜಾಲಗಳು ಸಾಗುತ್ತವೆ. ಪ್ರತಿ ಫ್ರೇಮಿಗೂ 12 ಬಿಟ್ಟಿನ ಸಂಖ್ಯೆಯೊಂದನ್ನು ಅಂಟಿಸುವುದೇ ಇಲ್ಲಿನ ತಂತ್ರ. ಅದರಿಂದ 4094 ಜಾಲಗಳಿಗೆ ಜಾಗ. ಮನೆಯ ಲೆಕ್ಕಪತ್ರ 10ರಲ್ಲಿ, ಸಿಸಿ ಕ್ಯಾಮೆರಾ 30ರಲ್ಲಿ. ನಡುವೆ ಒಪಿಎನ್‌ಸೆನ್ಸ್ ಫೈರ್‌ವಾಲ್ ಕೂರಿಸಿ ಸರಿಯಾದ ನಿಯಮ ಬರೆದರೆ, ಅಪ್ಪಣೆಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ದಾಟಲಾಗದು.

ಇನ್ನು ಹೊರಗಿನ ಯಾವ ಪೋರ್ಟನ್ನೂ ಕೊಡದ ಬ್ರಿಡ್ಜ್. ಅದಕ್ಕಷ್ಟೇ ಸೇರಿಸಿದ ವರ್ಚುವಲ್ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡುತ್ತವೆ, ಹೊರಗೆ ಹೋಗಲಾರವು. ಕಲಿಯುವವರಿಗೆ ಇಂಥ ನಿರ್ಭಯದ ಪ್ರಯೋಗಶಾಲೆ ಬೇರೆ ಸಿಗದು.

ಕುರುಗೋಡಿನಲ್ಲಿ ಕೂತು ನೆಟ್‌ವರ್ಕಿಂಗ್ ಕಲಿಯಬೇಕೆನ್ನುವ ವಿದ್ಯಾರ್ಥಿಗೆ 8 ಜಿಬಿ ರ್‍ಯಾಮಿನ ಹಳೆಯ ಯಂತ್ರ ಸಾಕು. ಬಳ್ಳಾರಿಯ ಬೇಸಿಗೆಗೆ ಒಳ್ಳೆಯ ಫ್ಯಾನು, ಕರೆಂಟು ಹೋದರೆ ಯುಪಿಎಸ್. ತಂತ್ರಾಂಶಕ್ಕೆ ಕಾಸು ಬೇಕಿಲ್ಲ. ಈ ರಜೆಯಲ್ಲೇ ಶುರು ಮಾಡಿ.