ಯಂತ್ರ ಕಾಣದ ರಕ್ಷಣಾ ಪಾಠ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಒಳಗೆ ನೂರು ಟಿಎಂಸಿಗೂ ಹೆಚ್ಚು ನೀರಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ಬೆಳೆಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರಿಗೆ ಕರೆ ಹೋಯಿತು. ಇಳಿವಯಸ್ಸಿನ ಆ ಹಿರಿಯರ ಮಾರ್ಗದರ್ಶನದಲ್ಲಿ ಕೆಲಸಗಾರರು ನೀರು ಧುಮ್ಮಿಕ್ಕುತ್ತಿರುವಾಗಲೇ ಒಂದರ ಮೇಲೊಂದು ಸ್ಟಾಪ್‌ಲಾಗ್ ಎಂಬ ತಡೆಹಲಗೆ ಇಳಿಸಿ, ಸುಮಾರು ಒಂದು ವಾರದಲ್ಲಿ ಹರಿವು ನಿಲ್ಲಿಸಿದರು. ಆ ಸಾಹಸಕ್ಕೆ ನಾಡು ಋಣಿ. ಆದರೆ ಅದೇ ಅಣೆಕಟ್ಟೆಯ ಮಗ್ಗುಲಲ್ಲಿ ದಶಕಗಳ ಕಾಲ ಗೇಟುಗಳನ್ನೇ ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆ, ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್, ಮುಚ್ಚಿಹೋಗಿದೆ. ನಾಯ್ಡು ಅವರಂಥ ಇನ್ನೊಬ್ಬರು ಎಲ್ಲಿ ತಯಾರಾಗುತ್ತಿದ್ದಾರೆ? ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಉತ್ತರಿಸಬೇಕಾದ ಪ್ರಶ್ನೆ ಇದು.

ವಿದ್ಯುತ್ ಗ್ರಿಡ್, ಅಣೆಕಟ್ಟೆ, ಕುಡಿಯುವ ನೀರಿನ ಪಂಪ್‌ಹೌಸ್, ರೈಲ್ವೆ ಸಿಗ್ನಲ್, ದೊಡ್ಡಾಸ್ಪತ್ರೆ, ಬ್ಯಾಂಕಿನ ಸರ್ವರ್ ಇವುಗಳಲ್ಲಿ ಯಾವುದು ನಿಂತರೂ ಊರು ನಿಲ್ಲುತ್ತದೆ. ಇವನ್ನು ಕಾಯುವುದು ಈಗ ಕಾಲೇಜಿನಲ್ಲಿ ಓದಬಹುದಾದ ವಿದ್ಯೆ. ಸಿಇಟಿ ಸೀಟು ಹಂಚಿಕೆಯ ಪಟ್ಟಿಯಲ್ಲಿ ಸೈಬರ್ ಸೆಕ್ಯುರಿಟಿ ಹೆಸರಿನ ಶಾಖೆಗಳಿವೆ, ವಿಟಿಯು ವ್ಯಾಪ್ತಿಯ ಹಲವು ಕಾಲೇಜುಗಳು ಅವನ್ನು ನಡೆಸುತ್ತಿವೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಈ ಬೆಳವಣಿಗೆ ಸ್ವಾಗತಾರ್ಹ. ಆದರೂ ಪಾಠಪಟ್ಟಿ ಬಿಡಿಸಿ ನೋಡಿದರೆ ಒಂದು ದೊಡ್ಡ ಕೊರತೆ ಎದ್ದು ಕಾಣುತ್ತದೆ. ನಾವು ಕಾಯುವುದನ್ನು ಕಲಿಸುತ್ತಿದ್ದೇವೆ, ಕಾಯಬೇಕಾದ ವಸ್ತುವನ್ನು ತೋರಿಸುತ್ತಿಲ್ಲ.

ಸೈಬರ್ ಶಾಖೆಯ ವಿದ್ಯಾರ್ಥಿ ಕ್ರಿಪ್ಟೋಗ್ರಫಿ, ನೆಟ್‌ವರ್ಕ್ ಭದ್ರತೆ, ಎಥಿಕಲ್ ಹ್ಯಾಕಿಂಗ್, ಡಿಜಿಟಲ್ ಫೊರೆನ್ಸಿಕ್ಸ್ ಓದುತ್ತಾನೆ. ಇವೆಲ್ಲ ಬೇಕಾದವೇ. ಆದರೆ ದೋಷ ಕಂಡೊಡನೆ ಮಾರ್ಗ ಕಡಿಯುವ ಸಬ್‌ಸ್ಟೇಷನ್ನಿನ ರಿಲೇ ಹೇಗಿರುತ್ತದೆ, ಪಿಎಲ್‌ಸಿ ಎಂಬ ಪುಟ್ಟ ಪೆಟ್ಟಿಗೆ ಪಂಪನ್ನು ಹೇಗೆ ಆಡಿಸುತ್ತದೆ ಎಂಬುದನ್ನು ಅವನು ಕಣ್ಣಾರೆ ಕಾಣದೆಯೇ ಪದವಿ ಮುಗಿಸಬಹುದು. ಅದೇ ಕಾರಿಡಾರಿನ ಇನ್ನೊಂದು ತುದಿಯಲ್ಲಿ ಎಲೆಕ್ಟ್ರಿಕಲ್ ವಿದ್ಯಾರ್ಥಿನಿ ಯಂತ್ರಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ, ಆರ್‌ಟಿಯು ಬಗ್ಗೆ ಓದಿ, ಬ್ಲಾಕ್ ಚಿತ್ರ ಬರೆದು ಅಂಕ ಪಡೆಯುತ್ತಾಳೆ. ಆ ಚಿತ್ರದ ಗೆರೆಯ ಮೇಲೆ ಹೊರಗಿನವನೊಬ್ಬ ಆದೇಶ ಕಳಿಸಿದರೆ ಏನಾದೀತು ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಸಿವಿಲ್‌ನವರಿಗೆ ಅಣೆಕಟ್ಟೆ ಕಟ್ಟುವ ಲೆಕ್ಕ ಗೊತ್ತು. ಎಪ್ಪತ್ತು ವರ್ಷ ಹಳೆಯ ಗೇಟಿನ ಚೈನನ್ನು ಪರೀಕ್ಷಿಸುವ ಬಗೆ ಅವರ ಪಾಠದ ಅಂಚಿನಲ್ಲೆಲ್ಲೋ ಉಳಿದಿದೆ.

ಈ ಒಡಕಿಗೆ ಕಾಲೇಜುಗಳನ್ನಷ್ಟೇ ದೂರಿ ಫಲವಿಲ್ಲ. ನಮ್ಮ ಕಾನೂನೂ ಹಾಗೆಯೇ ಹರಿದು ಹಂಚಿಹೋಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ನೇ ಕಲಮು ದೇಶದ ಭದ್ರತೆ, ಆರ್ಥಿಕತೆ, ಜನರ ಆರೋಗ್ಯಕ್ಕೆ ಅನಿವಾರ್ಯವಾದ ಕಂಪ್ಯೂಟರ್ ವ್ಯವಸ್ಥೆಗಳನ್ನು ಮಾತ್ರ ನೋಡುತ್ತದೆ. ಅದರ ಮುಂದುವರಿಕೆಯಾದ 70ಎ ಕಲಮಿನಡಿ 2014ರಲ್ಲಿ ಈ ವ್ಯವಸ್ಥೆಗಳನ್ನು ಕಾಯಲೆಂದು ರಚನೆಯಾದ ರಾಷ್ಟ್ರೀಯ ಸಂಸ್ಥೆ ಎನ್‌ಸಿಐಐಪಿಸಿಯ ಕೆಲಸವೂ ಅಷ್ಟಕ್ಕೇ ಸೀಮಿತ. ಅಣೆಕಟ್ಟೆಗೆ 2021ರ ಬೇರೆ ಕಾಯ್ದೆ, ವಿದ್ಯುತ್ತಿಗೆ ಬೇರೆ ನಿಯಮ, ಆವರಣದ ಕಾವಲಿಗೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ (ಸಿಐಎಸ್ಎಫ್). ಕಾನೂನು ಹೀಗೆ ಹೋಳು ಮಾಡಿದ್ದನ್ನು ಪಾಠಪಟ್ಟಿ ಕಣ್ಣುಮುಚ್ಚಿ ಅನುಸರಿಸಿದೆ. ವ್ಯವಸ್ಥೆಯ ಕುಸಿತ ಮಾತ್ರ ಈ ಗೆರೆಗಳನ್ನು ಲೆಕ್ಕಿಸುವುದಿಲ್ಲ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದದ್ದನ್ನೇ ನೋಡಿ. ಎರಡನೇ ದಿನ ಸುಮಾರು 60 ಕೋಟಿ ಜನರಿರುವ ಪ್ರದೇಶದಲ್ಲಿ ಕರೆಂಟ್ ಹೋಯಿತು. ಯಾವ ಹ್ಯಾಕರನೂ ಇರಲಿಲ್ಲ. ಮೊದಲ ದಿನ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆ.ವಿ. ಮಾರ್ಗದ ಮೇಲೆ ಭಾರ ವಿಪರೀತವಾಗಿತ್ತು. ಆ ಭಾರವನ್ನೇ ದೋಷವೆಂದು ತಿಳಿದು ರಿಲೇ ಮಾರ್ಗ ಕಡಿದುಹಾಕಿತು, ಅಲ್ಲಿಂದ ಸರಪಳಿಯಂತೆ ಎಲ್ಲ ಕಳಚಿತು. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಕೂಡಿಕೊಂಡಿರಲಿಲ್ಲ, ಹಾಗಾಗಿ ನಮಗೆ ಅದರ ಬಿಸಿ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಗ್ರಿಡ್. ಈಗ ದೂರದ ಎಡವಟ್ಟು ನಮ್ಮದೂ ಹೌದು. ರಿಲೇ ಸೆಟ್ಟಿಂಗ್ ಅರಿಯದವರು ಗ್ರಿಡ್ ಕಾಯಲಾರರು.

ಇದಕ್ಕೆ ವ್ಯತಿರಿಕ್ತವಾದ ಪ್ರಕರಣ ಆಸ್ಟ್ರೇಲಿಯಾದ ಮರೂಚಿಯಲ್ಲಿ 2000ನೇ ಇಸವಿಯಲ್ಲಿ ನಡೆಯಿತು. ಒಳಚರಂಡಿ ವ್ಯವಸ್ಥೆಯ ನಿಯಂತ್ರಣ ಅಳವಡಿಸಿದ ಕಂಪನಿಯಲ್ಲಿ ದುಡಿದಿದ್ದ ಒಬ್ಬಾತ, ನಗರಾಡಳಿತ ತನಗೆ ಕೆಲಸ ಕೊಡದ ಸಿಟ್ಟಿಗೆ, ಲ್ಯಾಪ್‌ಟಾಪ್ ಮತ್ತು ರೇಡಿಯೊ ಹಿಡಿದು ಪಂಪ್‌ಗಳಿಗೆ ಸುಳ್ಳು ಆದೇಶ ಕಳಿಸತೊಡಗಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಉದ್ಯಾನ, ಹೊಳೆಗಳಿಗೆ ಹರಿಯಿತು. ಯಂತ್ರವೇ ಕೆಟ್ಟಿದೆಯೋ, ಯಾರಾದರೂ ಕೆಡಿಸುತ್ತಿದ್ದಾರೋ ಎಂಬುದು ಬಹಳ ದಿನ ಬಗೆಹರಿಯಲಿಲ್ಲ. ಈ ವಿದ್ಯೆಯ ತಿರುಳು ಇಲ್ಲಿದೆ: ಕೆಟ್ಟದ್ದಕ್ಕೂ ಕೆಡಿಸಿದ್ದಕ್ಕೂ ಇರುವ ವ್ಯತ್ಯಾಸ ಹಿಡಿಯಲು ಯಂತ್ರವೂ ಗೊತ್ತಿರಬೇಕು, ನೆಟ್‌ವರ್ಕೂ ಗೊತ್ತಿರಬೇಕು.

ಇದನ್ನು ಒಂದು ಮೇಜಿನ ಮೇಲೆ ಕಲಿಸಬಹುದು. ಒಂದು ಸಣ್ಣ ತೊಟ್ಟಿ, ಒಂದು ಪಂಪು, ನೀರಿನ ಮಟ್ಟ ಅಳೆಯುವ ಸೆನ್ಸರ್, ಒಂದು ಪಿಎಲ್‌ಸಿ, ಎರಡು ಲ್ಯಾಪ್‌ಟಾಪ್ ಇದ್ದರೆ ಸಾಕು. ಪಿಎಲ್‌ಸಿ ಕೊಳ್ಳಲು ಹಣವಿಲ್ಲವಾದರೆ ಓಪನ್‌ಪಿಎಲ್‌ಸಿ ಎಂಬ ಉಚಿತ ತಂತ್ರಾಂಶವಿದೆ. ಪೆಟ್ಟಿಗೆಗೂ ಪರದೆಗೂ ನಡುವೆ ಮಾತು ನಡೆಯುವುದು ಮಾಡ್‌ಬಸ್‌ನಲ್ಲಿ. 1979ರಲ್ಲಿ ರೂಪುಗೊಂಡ ಈ ಪ್ರೋಟೊಕಾಲ್‌ನ ಸಾಮಾನ್ಯ ರೂಪದಲ್ಲಿ, ಆದೇಶ ಕೊಟ್ಟವರು ಯಾರೆಂದು ವಿಚಾರಿಸುವ ಏರ್ಪಾಡೇ ಇಲ್ಲ. ಪಾಸ್‌ವರ್ಡ್ ಇಲ್ಲ, ಸಹಿ ಇಲ್ಲ. ಎರಡನೇ ಲ್ಯಾಪ್‌ಟಾಪಿನಿಂದ ವಿದ್ಯಾರ್ಥಿ ಒಂದು ಸಾಲಿನ ಆದೇಶ ಕಳಿಸಿದರೆ ಪಂಪು ಓಡುತ್ತದೆ. ಮಟ್ಟದ ಅಂಕಿಯನ್ನೂ ತಿದ್ದಿಬಿಟ್ಟರೆ, ಪರದೆಯ ಮೇಲೆ ತೊಟ್ಟಿ ಅರ್ಧ ತುಂಬಿದೆಯೆಂದೇ ಕಾಣುತ್ತಿರುತ್ತದೆ, ನೀರು ಮಾತ್ರ ಮೇಜಿನಿಂದ ನೆಲಕ್ಕೆ ಸುರಿಯುತ್ತಿರುತ್ತದೆ. ಆಗ ಕಂಪ್ಯೂಟರ್ ವಿದ್ಯಾರ್ಥಿ ಫೈರ್‌ವಾಲ್ ಹಾಕೋಣ ಎನ್ನುತ್ತಾನೆ. ಎಲೆಕ್ಟ್ರಿಕಲ್ ವಿದ್ಯಾರ್ಥಿನಿ ತೊಟ್ಟಿಯ ಕಂಠಕ್ಕೊಂದು ಫ್ಲೋಟ್ ಸ್ವಿಚ್ ಕಟ್ಟಿ, ಅದರ ವೈರನ್ನು ನೇರ ಸ್ಟಾರ್ಟರಿಗೇ ಕೊಡುತ್ತಾಳೆ. ಕಂಪ್ಯೂಟರ್ ಏನೇ ಹೇಳಲಿ, ನೀರು ಅಲ್ಲಿಗೆ ಮುಟ್ಟಿದರೆ ಪಂಪು ಆಫ್. ಎರಡೂ ಬೇಕು. ಈ ಒಂದು ಮಧ್ಯಾಹ್ನದ ಪ್ರಯೋಗ ಇಡೀ ಸೆಮಿಸ್ಟರಿನ ಸ್ಲೈಡುಗಳಿಗಿಂತ ಹೆಚ್ಚು ಕಲಿಸುತ್ತದೆ.

ಒಳ್ಳೆಯ ಮಾದರಿಗಳು ನಮ್ಮಲ್ಲೇ ಇವೆ. ಐಐಟಿ ರೂರ್ಕಿಯಲ್ಲಿ ಅಣೆಕಟ್ಟೆ ಸುರಕ್ಷತೆ ಮತ್ತು ಪುನಶ್ಚೇತನಕ್ಕೆಂದೇ ಎಂ.ಟೆಕ್ ಇದೆ. ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಉಳಿಸಿಕೊಳ್ಳುವುದೇ ಒಂದು ಸ್ವತಂತ್ರ ವಿದ್ಯೆ ಎಂದು ಅದು ಒಪ್ಪಿಕೊಂಡಿದೆ. ಐಐಟಿ ಕಾನ್ಪುರದ ಸಿ3ಐ ಹಬ್‌ನಲ್ಲಿ ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳ ನಿಜವಾದ ಪ್ರಯೋಗಪೀಠಗಳಿವೆ. ಬೆಂಗಳೂರಿನಲ್ಲೇ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಕೇಂದ್ರವಿದೆ, ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಇದೆ. ಆದರೆ ಬಿ.ಇ. ವಿದ್ಯಾರ್ಥಿಗೂ ಈ ಸಂಸ್ಥೆಗಳಿಗೂ ನಡುವೆ ದಾರಿ ಸವೆದಿಲ್ಲ. ಭದ್ರತೆಯ ಕಾರಣಕ್ಕೆ ಸ್ಥಾವರಗಳಿಗೆ ವಿದ್ಯಾರ್ಥಿಗಳನ್ನು ಬಿಡಲಾಗದು ಎಂಬ ಮಾತಿನಲ್ಲಿ ಹುರುಳಿದೆ. ಹಾಗಿದ್ದರೆ ತರಬೇತಿ ಕೇಂದ್ರದ ಸಿಮ್ಯುಲೇಟರ್ ತೋರಿಸಬಹುದು, ಸಬ್‌ಸ್ಟೇಷನ್ನಿನಿಂದ ತೆಗೆದುಹಾಕಿದ ಹಳೆಯ ರಿಲೇ ಪ್ಯಾನೆಲನ್ನು ಗುಜರಿಗೆ ಹಾಕುವ ಬದಲು ಕಾಲೇಜಿಗೆ ಕೊಡಬಹುದು.

ಒಂದು ವ್ಯವಸ್ಥೆ ಇನ್ನೊಂದರ ಹೆಗಲ ಮೇಲೆ ನಿಂತಿರುವ ಬಗೆಯನ್ನು ಕಲಿಸಲು ನಮ್ಮ ರಾಜ್ಯಕ್ಕಿಂತ ಒಳ್ಳೆಯ ಪಠ್ಯ ಬೇಕಿಲ್ಲ. ಬೆಂಗಳೂರಿನ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸುಗಳನ್ನು ದಾಟಿ ಮೇಲೇರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಸೇರಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚಾಯಿತು. ಈ ನಡುವೆ ಎಲ್ಲಾದರೂ ವಿದ್ಯುತ್ ಕೈಕೊಟ್ಟರೆ ನಲ್ಲಿಯಲ್ಲಿ ನೀರಿಲ್ಲ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯದು. ಈ ನಂಟುಗಳ ನಕ್ಷೆ ಬರೆಯುವುದು ಮೂರನೇ ವರ್ಷದ ಮಕ್ಕಳಿಗೆ ಉತ್ತಮ ಪ್ರಾಜೆಕ್ಟ್. ಒಂದೇ ಷರತ್ತು, ತಂಡದಲ್ಲಿ ಮೂರು ಶಾಖೆಯವರಿರಬೇಕು.

ಇನ್ನು ಉದ್ಯೋಗದ ಮಾತು. ಮಾಹಿತಿ ಪುಸ್ತಿಕೆಗಳು ಭರವಸೆಗಳನ್ನು ಧಾರಾಳವಾಗಿ ಹಂಚುತ್ತವೆ, ದಾರಿ ಮಾತ್ರ ಹೇಳುವುದಿಲ್ಲ. ವಾಸ್ತವ ಹೀಗಿದೆ: ಈ ಕ್ಷೇತ್ರಕ್ಕೆ ಬಹುಪಾಲು ಜನ ಬರುವುದು ಒಂದು ಮೂಲ ಶಾಖೆಯ ಬಾಗಿಲಿನಿಂದ. ಕೆಪಿಟಿಸಿಎಲ್‌ನಲ್ಲಿ ಎಲೆಕ್ಟ್ರಿಕಲ್ ಸಹಾಯಕ ಎಂಜಿನಿಯರ್ ಆಗಲು ಎಲೆಕ್ಟ್ರಿಕಲ್ ಪದವಿಯೇ ಬೇಕು, ಸೈಬರ್ ಶಾಖೆಯ ಪದವಿ ಅಲ್ಲಿ ನಡೆಯದು. ಲೋಡ್ ಡಿಸ್ಪ್ಯಾಚ್ ಕೇಂದ್ರಗಳನ್ನು ನಡೆಸುವ ಗ್ರಿಡ್ ಇಂಡಿಯಾ ಸೇರಬೇಕಾದರೆ ಗೇಟ್ ಪರೀಕ್ಷೆಯ ತಯಾರಿ ಬೇಕು. ವಿಮಾನ ನಿಲ್ದಾಣ, ಅಣು ಸ್ಥಾವರಗಳನ್ನು ಕಾಯುವ ಸಿಐಎಸ್ಎಫ್‌ನ ಅಧಿಕಾರಿಯಾಗಲು ಯಾವ ಪದವಿಯಾದರೂ ಆದೀತು, ಯುಪಿಎಸ್‌ಸಿಯ ಸಿಎಪಿಎಫ್ ಪರೀಕ್ಷೆ ಗೆಲ್ಲಬೇಕು. ಬೆಂಗಳೂರಿನ ಎಬಿಬಿ, ಸೀಮೆನ್ಸ್, ಶ್ನೈಡರ್, ಹನಿವೆಲ್‌ನಂಥ ಕಂಪನಿಗಳ ಕೇಂದ್ರಗಳಲ್ಲಿ ಪಿಎಲ್‌ಸಿಯೂ ನೆಟ್‌ವರ್ಕೂ ಎರಡೂ ಬಲ್ಲವರಿಗೆ ಬೆಲೆಯಿದೆ. ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳ ಭದ್ರತೆಯ ಐಇಸಿ 62443 ಮಾನಕ ಓದಿಕೊಂಡಿದ್ದರೆ ಸಂದರ್ಶನದಲ್ಲಿ ಮಾತು ಬೇರೆಯೇ ಆಗುತ್ತದೆ. ಅಮೆರಿಕ ಸರ್ಕಾರದ ಸಿಸಾ ಸಂಸ್ಥೆ ನಿಯಂತ್ರಣ ವ್ಯವಸ್ಥೆಗಳ ಭದ್ರತೆ ಕುರಿತು ಉಚಿತ ಆನ್‌ಲೈನ್ ಪಾಠಗಳನ್ನು ನೀಡುತ್ತದೆ, ಅವನ್ನು ಮನೆಯಲ್ಲೇ ಕುಳಿತು ಕಲಿಯಬಹುದು.

ಬೇಡಿಕೆ ಹುಸಿಯಲ್ಲ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2021ರ ಸೈಬರ್ ಭದ್ರತಾ ಮಾರ್ಗಸೂಚಿ ಪ್ರಕಾರ ವಿದ್ಯುತ್ ಸಂಸ್ಥೆಗಳು ಭದ್ರತಾ ಮುಖ್ಯಾಧಿಕಾರಿಯನ್ನು ನೇಮಿಸಬೇಕು, ನಿಯಂತ್ರಣ ವ್ಯವಸ್ಥೆಗಳನ್ನು ಇಂಟರ್ನೆಟ್‌ಗೆ ತೆರೆದುಕೊಂಡ ಕಂಪ್ಯೂಟರ್‌ಗಳಿಂದ ಪೂರ್ತಿ ಬೇರ್ಪಡಿಸಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು. ಇದನ್ನು ಜಾರಿಗೆ ತರುವ ಕೈಗಳು ಎಲ್ಲಿಂದಲೋ ಬರಬೇಕಲ್ಲ.

ಆದ್ದರಿಂದ ಈ ಸೈಬರ್ ಭದ್ರತಾ ಪದವಿಗಳ ಬಗ್ಗೆ ನನ್ನ ತೀರ್ಪು ಇಷ್ಟು: ಉದ್ದೇಶ ಸರಿ, ಬುನಾದಿ ತಪ್ಪು. ರಕ್ಷಣೆಯನ್ನು ಸ್ವತಂತ್ರ ಬಿ.ಇ. ಶಾಖೆಯಾಗಿ ಮಾರುವುದಕ್ಕಿಂತ, ಎಲೆಕ್ಟ್ರಿಕಲ್, ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಶಾಖೆಯವರೆಲ್ಲ ಒಟ್ಟಿಗೆ ಕುಳಿತು ಓದುವ ಮೈನರ್ ಪದವಿಯಾಗಿ ಕಟ್ಟುವುದೇ ಒಳ್ಳೆಯದು. ಪಿಎಚ್‌.ಡಿ. ಇಲ್ಲದ ಅನುಭವಿಗಳನ್ನೂ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಆಗಿ ನೇಮಿಸಲು ಯುಜಿಸಿ 2022ರಲ್ಲೇ ದಾರಿ ಮಾಡಿಕೊಟ್ಟಿದೆ. ನಿವೃತ್ತ ರಿಲೇ ಎಂಜಿನಿಯರ್, ಗೇಟು ತಜ್ಞ, ಪಂಪ್‌ಹೌಸಿನ ಹಿರಿಯ ನಿರ್ವಾಹಕ ಇಂಥವರು ತರಗತಿಗೆ ಬರಬೇಕು, ಅವರ ಅರಿವು ಅವರೊಂದಿಗೇ ಕಳೆದುಹೋಗುವ ಮೊದಲೇ ಬರಬೇಕು.

ಅಲ್ಲಿಯವರೆಗೆ ಮಕ್ಕಳೂ ಪೋಷಕರೂ ಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ಮೂರು ಪ್ರಶ್ನೆ ಕೇಳಲಿ. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಪಿಎಲ್‌ಸಿ ಇದೆಯೇ? ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಸಬ್‌ಸ್ಟೇಷನ್ ಇಲ್ಲವೇ ಪಂಪ್‌ಹೌಸ್ ತೋರಿಸುತ್ತೀರಾ? ಸ್ಥಾವರದಲ್ಲಿ ದುಡಿದ ಒಬ್ಬರಾದರೂ ಪಾಠ ಮಾಡುತ್ತಾರೆಯೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ, ಆ ಪದವಿಯ ಹೆಸರು ಎಷ್ಟೇ ಹೊಸದಾಗಿರಲಿ, ಎಲೆಕ್ಟ್ರಿಕಲ್ ಅಥವಾ ಸಿವಿಲ್ ಸೀಟು ಹಿಡಿದು ನೆಟ್‌ವರ್ಕ್ ವಿದ್ಯೆಯನ್ನು ಜೊತೆಗೆ ಕಲಿಯುವುದೇ ಲೇಸು.