ಅಗ್ಗದ ರಿಬ್ಬನ್ ಮೈಕ್: ದೋಷ ಯಾರದು?

ಮನೆಯಲ್ಲಿ ಧ್ವನಿಮುದ್ರಿಸಲು ಅಗ್ಗದ ರಿಬ್ಬನ್ ಮೈಕ್ ಕೊಂಡವರು ‘ಸದ್ದೇ ಸಾಲದು’ ಎಂದು ದೂರುವುದುಂಟು. ಈ ದೂರು ಅರ್ಧಸತ್ಯ. ಕಾಂತಗಳ ನಡುವೆ ಕಂಪಿಸುವ, ಕೆಲವೇ ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯ ಸಂಕೇತ ಬಲು ಕ್ಷೀಣ. ಮೆಲುದನಿಗೆ ಸುಮಾರು 60 ಡೆಸಿಬೆಲ್ ವರ್ಧನೆ ಬೇಕು. ಆಗ ಕೇಳುವ ‘ಸುಯ್’ ಸದ್ದು ಬಹುಪಾಲು ವರ್ಧಕದ್ದು. ಪಟ್ಟಿ ಜೋತುಬಿದ್ದು ದನಿ ಮಂಕಾದರೆ ಮಾತ್ರ ದೋಷ ಮೈಕಿನದು.

48 ವೋಲ್ಟ್ ಫ್ಯಾಂಟಮ್ ವಿದ್ಯುತ್ತಿನ ಭಯವೂ ಅತಿಯಾಯಿತು. ತಂತಿ ಸರಿಯಿದ್ದರೆ ಅಪಾಯ ವಿರಳ. ತಂತಿ ಕೆಟ್ಟಿದ್ದರೆ ಪಟ್ಟಿ ಹಿಗ್ಗೀತು.

ನಿಜವಾದ ಶತ್ರು ಗಾಳಿ. ಗಾಳಿಯಂತ್ರಗಳ ಹೊಸದುರ್ಗ ಸೀಮೆಯ ಬಾಗೂರಿನಲ್ಲಿ ಸೋಬಾನೆ ಮುದ್ರಿಸುವವರು ಮೊದಲು ಕಿಟಕಿ ಮುಚ್ಚಲಿ. ಮೈಕನ್ನು ಊದಿ ಪರೀಕ್ಷಿಸದಿರಲಿ. ಈ ಮೈಕ್ ಹಿಂದಿನ ಸದ್ದನ್ನೂ ಮುಂದಿನಷ್ಟೇ ಹಿಡಿಯುವುದರಿಂದ ಹಿಂಬದಿಯ ಗೋಡೆಗೆ ದಪ್ಪ ಕಂಬಳಿ ತೂಗಲಿ. ವರ್ಧಕ, ತಂತಿ, ಕೋಣೆ ಇವನ್ನು ಪರೀಕ್ಷಿಸದೆ ಮೈಕನ್ನು ಹಳಿಯುವುದು ವಿಜ್ಞಾನವಲ್ಲ.