ಕ್ರಾಸ್ ಇಲ್ಲದ ಮೇನ್ ರೋಡು

ಬೆಂಗಳೂರಿನ ಟ್ರಾಫಿಕ್ಕಿನ ಮಾತು ಬಂದಾಗಲೆಲ್ಲ ಫ್ಲೈಓವರು, ಸುರಂಗ ಎಂದು ದೊಡ್ಡ ರಸ್ತೆಗಳದೇ ಜಪ. ಅಡ್ಡರಸ್ತೆಗಳನ್ನು ಕೇಳುವವರಿಲ್ಲ.

1898ರ ಪ್ಲೇಗಿನ ಬೆನ್ನಿಗೇ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳನ್ನು ನೋಡಿ. ಮಲ್ಲೇಶ್ವರದ ಸಂಪಿಗೆ ರಸ್ತೆ ಕಿಕ್ಕಿರಿದರೆ ಪಕ್ಕದಲ್ಲೇ ಮಾರ್ಗೋಸಾ ರಸ್ತೆ. ಒಂದು ಕ್ರಾಸಿನಲ್ಲಿ ಪೈಪಿಗೆಂದು ಅಗೆದಿದ್ದರೆ ಮುಂದಿನ ಕ್ರಾಸಿನಲ್ಲಿ ನುಸುಳಬಹುದು. (ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು: ಬೀದಿಗಳೇನೋ ಕೂಡಿದ್ದವು, ಸೈಟುಗಳನ್ನು ಮಾತ್ರ ಜಾತಿ ನೋಡಿ ಹಂಚಿದ್ದರು.)

ಈಚೆಗೆ ಬೆಳೆದ ಸರ್ಜಾಪುರ ರಸ್ತೆಯ ಕಡೆ ಲೆಕ್ಕವೇ ಬೇರೆ. ಒಬ್ಬ ರೈತನ ಜಮೀನು ಮಾರಾಟವಾದರೆ ಆ ಸರ್ವೆ ನಂಬರಿನೊಳಗೇ ಒಂದು ಲೇಔಟು. ನಡುವೆ ಒಂದು ರಸ್ತೆ, ಅದು ಮುಗಿಯುವುದು ಪಕ್ಕದ ಹೊಲದ ಬದುವಿನಲ್ಲಿ. ಆ ಹೊಲವೂ ಲೇಔಟಾದಾಗ ಬದುವಿದ್ದಲ್ಲಿ ಕಾಂಪೌಂಡು ಏಳುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳವರು ಭೇಟಿಯಾಗಬೇಕೆಂದರೆ ಮುಖ್ಯರಸ್ತೆಗೆ ಬಂದು, ಯು-ಟರ್ನ್ ಹೊಡೆದು, ಸೆಕ್ಯುರಿಟಿಯವನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಹಾಲು ತರಲು ಹೊರಟವನಿಗೂ ಆಫೀಸಿಗೆ ಹೊರಟವನಿಗೂ ಇರುವುದು ಅದೊಂದೇ ರಸ್ತೆ. ಅಗಲ ಮಾಡಿದರೂ ತುಂಬದೆ ಏನಾದೀತು?

ಬೀದಿಗಳು ಹೀಗೆ ಕೂಡದಿರುವುದನ್ನು ಅಳೆಯಲೂ ಬರುತ್ತದೆ. ಬ್ಯಾರಿಂಗ್ಟನ್-ಲೀ ಮತ್ತು ಮಿಲರ್ಡ್-ಬಾಲ್ ಎಂಬ ಸಂಶೋಧಕರು 2015ರಲ್ಲಿ ಅಮೆರಿಕದ ಬೀದಿಗಳ ಒಂದು ಶತಮಾನದ ಚರಿತ್ರೆಯನ್ನು ಪ್ರಕಟಿಸಿದರು. ಒಂದೊಂದು ಕೂಡುರಸ್ತೆಯಲ್ಲಿ ಎಷ್ಟು ದಾರಿ ಸೇರುತ್ತವೆ, ಎಷ್ಟು ಬೀದಿ ‘ಡೆಡ್ ಎಂಡ್’ ಎಂಬ ಎಣಿಕೆಯೇ ಅದರ ಬುನಾದಿ. ಅಲ್ಲಿನ ಹೊಸ ಬಡಾವಣೆಗಳಲ್ಲಿ ಬೀದಿಗಳ ಬಿಡಿಬಿಡಿತನ ಸುಮಾರು 1994ರಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯಿತಂತೆ. ಎಣಿಕೆ ಸರಳ, ಅದೇ ಅದರ ಬಲ. ನಮ್ಮಲ್ಲಿ ಮಾತ್ರ ಅಷ್ಟು ಸಾಲದು. ನಕ್ಷೆಯಲ್ಲಿ ಕೂಡಿಕೊಂಡಿರುವ ಬೀದಿಗೆ ನಿವಾಸಿಗಳ ಸಂಘ ರಾತ್ರಿ ಹತ್ತಕ್ಕೆ ಗೇಟು ಹಾಕುತ್ತದೆ; ನಕ್ಷೆಯಲ್ಲಿ ದಾರಿಯೇ ಇಲ್ಲದಲ್ಲಿ, ಕುಸಿದ ಕಾಂಪೌಂಡಿನ ಸಂದಿಯಲ್ಲಿ ಮನೆಗೆಲಸದ ಹೆಂಗಸರು ದಿನಾ ಓಡಾಡುತ್ತಾರೆ.

ಅಮೆರಿಕದ ಸುಧಾರಣೆಯೂ ಹೊಸದಾಗಿ ಕಟ್ಟಿದ್ದರಲ್ಲಿ ಕಂಡದ್ದು. ಒಮ್ಮೆ ಮನೆಗಳು ಎದ್ದ ಮೇಲೆ ಬೀದಿ ಜಗ್ಗುವುದಿಲ್ಲ. ಪಕ್ಕದ ಖಾಲಿ ಜಮೀನಿಗೆ ರಸ್ತೆ ತೆರೆದಿಟ್ಟರೆ ಮಾತ್ರ ಲೇಔಟಿಗೆ ಒಪ್ಪಿಗೆ ಎಂದು ನಮ್ಮಲ್ಲಿ ಮೊದಲೇ ಹಟ ಹಿಡಿಯಬೇಕಿತ್ತು. 2007ರಲ್ಲಿ ನಗರದ ಸುತ್ತಲಿನ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸುವ ಹೊತ್ತಿಗೆ ಎಷ್ಟೋ ಕಡೆ ಕಾಲ ಮಿಂಚಿತ್ತು. ಈಗ ಕಾರಿಗೆ ದಾರಿ ಬಿಡಿಸುವುದು ಕಷ್ಟ. ಆದರೆ ನಡೆಯುವವರಿಗೆ ಕಾಂಪೌಂಡಿನಲ್ಲಿ ನಾಲ್ಕಡಿ ಸಂದು ಸಾಕು, ಕೋಟಿಗಟ್ಟಲೆ ಟೆಂಡರು ಬೇಡ. ಕೇಳಿ ನೋಡಿ, ಸಂಘದವರ ಮೊದಲ ಉತ್ತರ: ‘ಕಳ್ಳರು ಬರ್ತಾರೆ ಸಾರ್.’